ಸಿಗಡಿ, ನುಚ್ಚು, ಬೆಂಡೆಕಾಯಿ: ಅಮೆರಿಕದ ದಕ್ಷಿಣದೂಟದ ಕಥೆ

ಅಮೆರಿಕದ ದೊಡ್ಡ ನಗರಗಳಲ್ಲಿ ಹೊಸದಾಗಿ ಬಾಗಿಲು ತೆರೆಯುವ ಹೋಟೆಲುಗಳ ಪೈಕಿ 'ಸದರ್ನ್ ಸೀಫುಡ್' ಎಂಬ ಫಲಕ ಹೊತ್ತವು ಆಗಾಗ ಕಣ್ಣಿಗೆ ಬೀಳುತ್ತವೆ. ಒಳಗೆ ಕಾಲಿಟ್ಟರೆ ಹಳೆಯ ಮರದ ಹಲಗೆ ಹೊಡೆದ ಗೋಡೆ, ಅದರ ಮೇಲೆ ತೂಗುಬಿಟ್ಟ ಮೀನುಬಲೆ, ಉಪ್ಪಿನಕಾಯಿ ಜಾಡಿಯಂಥ ಗಾಜಿನ ಲೋಟದಲ್ಲಿ ಧಾರಾಳವಾಗಿ ಸಕ್ಕರೆ ಸುರಿದ ತಣ್ಣನೆಯ ಚಹಾ. ಅಟ್ಲಾಂಟಾ, ಷಾರ್ಲೆಟ್, ರಾಲಿ ಮುಂತಾದ ಕಡೆ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು, ಅವರು ಮೀನು ತಿನ್ನುವವರಾದರೆ, ಇಂಥ ಕಡೆಗೆ ಒಮ್ಮೆಯಾದರೂ ಕರೆದೊಯ್ಯುವುದುಂಟು. ತಿಂಡಿಪಟ್ಟಿ ಕೈಗೆ ಬಂದಾಗ ಹಿರಿಯರಿಗೆ ಅಚ್ಚರಿ ಕಾದಿರುತ್ತದೆ. ಮುಸುಕಿನ ಜೋಳದ ನುಚ್ಚು, ಬೆಂಡೆಕಾಯಿ ಹಾಕಿದ ಸಾರು, ಅನ್ನ, ಅಲಸಂದೆ, ಒಣಮೆಣಸಿನ ಖಾರ ಎಲ್ಲವೂ ಅಲ್ಲಿವೆ. 'ಇದೆಲ್ಲ ನಮ್ಮ ಊಟದ ಹಾಗೆಯೇ ಇದೆಯಲ್ಲ' ಎಂದು ಯಾರಿಗಾದರೂ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ.

ಹಾಗಾದರೆ ಈ 'ದಕ್ಷಿಣ' ಎಂದರೆ ಯಾವುದು? ಭೂಪಟದಲ್ಲಿ ಅಮೆರಿಕದ ಕೆಳಭಾಗವೆಲ್ಲ ದಕ್ಷಿಣವೇ ಆದರೂ ರೂಢಿಯ ಮಾತಿನಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಸಲುವಾಗಿ 1860-61ರಲ್ಲಿ ಒಕ್ಕೂಟದಿಂದ ಹೊರನಡೆದ 11 ರಾಜ್ಯಗಳು, ಮತ್ತು ಅವುಗಳ ಅಕ್ಕಪಕ್ಕದ ಕೆಲವು ಪ್ರದೇಶಗಳು, ಆ ದೇಶದವರ ಪಾಲಿಗೆ ದಕ್ಷಿಣ. ವರ್ಜೀನಿಯಾ, ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ಮುಖ್ಯವಾದವು. ಒಂದು ಬದಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಬದಿ ಮೆಕ್ಸಿಕೊ ಕೊಲ್ಲಿ. ಹತ್ತಿ, ಹೊಗೆಸೊಪ್ಪು, ಭತ್ತ ಮತ್ತು ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದವರನ್ನು ದುಡಿಸಿಕೊಂಡ ಸೀಮೆ ಇದು. ಅಲ್ಲಿನ ಊಟಕ್ಕೆ 'ದಕ್ಷಿಣದೂಟ' ಎಂಬ ಹೆಸರು ಬಂದಿರುವುದು ಈ ಚರಿತ್ರೆಯಿಂದಲೇ. ಹೊಸ ಹೋಟೆಲಿನ ತಿಂಡಿಪಟ್ಟಿಯಲ್ಲಿ ಹೆಮ್ಮೆಯಿಂದ ಅಚ್ಚಾಗುವ ತಿನಿಸುಗಳಲ್ಲಿ ಅನೇಕವನ್ನು ರೂಪಿಸಿದ ಕೈಗಳಿಗೆ, ಬಹುಕಾಲದವರೆಗೆ, ಆ ಮೇಜಿನ ಮುಂದೆ ಕೂರುವ ಹಕ್ಕಿರಲಿಲ್ಲ. ಈ ಮಾತನ್ನು ಬಿಟ್ಟು ಆ ತಟ್ಟೆಯನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ನುಚ್ಚಿನ ಮೇಲೆ ಸಿಗಡಿ

ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಕಾಣುವುದು 'ಶ್ರಿಂಪ್ ಅಂಡ್ ಗ್ರಿಟ್ಸ್'. ಮುಸುಕಿನ ಜೋಳವನ್ನು (ಉತ್ತರ ಕರ್ನಾಟಕದವರು ಗೋವಿನಜೋಳ ಎನ್ನುತ್ತಾರೆ) ರವೆಯಾಗಿ ಒಡೆಸಿ, ನೀರು ಅಥವಾ ಹಾಲಿನಲ್ಲಿ ನಿಧಾನವಾಗಿ ಬೇಯಿಸಿ, ಬೆಣ್ಣೆ ಹಾಕಿ ಮೆತ್ತಗೆ ಮಾಡಿದ್ದೇ ಗ್ರಿಟ್ಸ್. ನಮ್ಮ ಜೋಳದ ನುಚ್ಚನ್ನು ತಿಂದವರಿಗೆ ಅದರ ಹದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ಹುರಿದ ಸಿಗಡಿಯನ್ನು ಅದರ ರಸದ ಸಮೇತ ಸುರಿಯುತ್ತಾರೆ.

ಜೋಳ ಅಮೆರಿಕ ಖಂಡದ ಮೂಲನಿವಾಸಿಗಳ ಬೆಳೆ. ಅದನ್ನು ಬೂದಿನೀರಿನಲ್ಲಿ ಕುದಿಸಿ ಸಿಪ್ಪೆ ಬಿಡಿಸುವ ವಿದ್ಯೆಯೂ ಅವರದೇ. ಹೀಗೆ ಹದಮಾಡಿದ ಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಯುರೋಪಿನಿಂದ ಬಂದವರು ಜೋಳವನ್ನು ಕಲಿತರು, ಬೂದಿನೀರಿನ ಸಂಸ್ಕಾರವನ್ನು ಮಾತ್ರ ಬಹುಪಾಲು ಕೈಬಿಟ್ಟರು. 20ನೇ ಶತಮಾನದ ಆರಂಭದಲ್ಲಿ ಜೋಳವನ್ನೇ ನೆಚ್ಚಿಕೊಂಡಿದ್ದ ದಕ್ಷಿಣದ ಬಡವರನ್ನು ಪೆಲಾಗ್ರಾ ಎಂಬ ಚರ್ಮರೋಗ ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ಅದು ಸೋಂಕಿನಿಂದ ಬರುವ ರೋಗವಲ್ಲ, ಊಟದ ಕೊರತೆಯಿಂದ ಬರುವುದು ಎಂಬುದನ್ನು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1910 ಮತ್ತು 20ರ ದಶಕಗಳಲ್ಲಿ ತೋರಿಸಿಕೊಟ್ಟರು. ಇಂದು ಬೆಳ್ಳಿ ಚಮಚದ ಜೊತೆ ಬರುವ ನುಚ್ಚಿನ ಹಿಂದೆ ಇಂಥದೊಂದು ಹಸಿವಿನ ಅಧ್ಯಾಯವಿದೆ.

ಸಿಗಡಿಗೆ ನುಚ್ಚು ಜೊತೆಯಾದದ್ದು ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಸುತ್ತಮುತ್ತ. ಅಳಿವೆಗಳಲ್ಲಿ ಸಿಗುವ ಸಣ್ಣ ಸಿಗಡಿಯನ್ನು ನುಚ್ಚಿನ ಜೊತೆ ಬೆಳಗಿನ ತಿಂಡಿಯಾಗಿ ತಿನ್ನುವುದು ಅಲ್ಲಿನ ರೂಢಿ. 1950ರಲ್ಲಿ ಆ ಊರಿನ ಮಹಿಳಾ ಸಂಘವೊಂದು ಹೊರತಂದ 'ಚಾರ್ಲ್ಸ್‌ಟನ್ ರಿಸೀಟ್ಸ್' ಎಂಬ ಅಡುಗೆ ಪುಸ್ತಕದಲ್ಲಿ ಇದರ ವಿಧಾನ ಸಿಗುತ್ತದೆ. ಆದರೂ ಊರಾಚೆಗೆ ಇದರ ಹೆಸರು ಹೆಚ್ಚು ಜನರಿಗೆ ತಿಳಿದಿರಲಿಲ್ಲ.

ತಿಳಿಯುವಂತೆ ಮಾಡಿದ್ದು ಒಂದು ಹೊಸ ಹೋಟೆಲು. 1982ರಲ್ಲಿ ಬಿಲ್ ನೀಲ್ ಎಂಬ ಬಾಣಸಿಗ ಪಾಲುದಾರರೊಬ್ಬರ ಜೊತೆ ಸೇರಿ ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ 'ಕ್ರೂಕ್ಸ್ ಕಾರ್ನರ್' ಆರಂಭಿಸಿದರು. ಹಿಂದೆ ಅದೇ ಜಾಗದಲ್ಲಿ ರೇಚಲ್ ಕ್ರೂಕ್ ಎಂಬ ಮಹಿಳೆ ಮೀನಂಗಡಿ ನಡೆಸುತ್ತಿದ್ದರು. ಹೋಟೆಲಿಗೆ ಆ ಹೆಸರೇ ಉಳಿಯಿತು. ಅದಕ್ಕೆ ಮುಂಚೆ ಫ್ರೆಂಚ್ ಅಡುಗೆಯಲ್ಲಿ ಪಳಗಿದ್ದ ನೀಲ್, ಮೀನುಗಾರರ ಬೆಳಗಿನ ತಿಂಡಿಯನ್ನು ರಾತ್ರಿಯ ಊಟದ ಮುಖ್ಯ ತಿನಿಸಾಗಿ ಬಡಿಸಿದರು. ನುಚ್ಚಿಗೆ ಚೀಸ್ ಬೆರೆಸಿದರು, ಸಿಗಡಿಗೆ ಬೇಕನ್, ಅಣಬೆ, ಈರುಳ್ಳಿಸೊಪ್ಪು, ಬೆಳ್ಳುಳ್ಳಿ, ನಿಂಬೆರಸ ಸೇರಿಸಿದರು. 1985ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಕ್ರೇಗ್ ಕ್ಲೇಬೋರ್ನ್ ಅಲ್ಲಿಗೆ ಹೋಗಿ ಬಂದು ಬರೆದರು. ಅಲ್ಲಿಂದಾಚೆಗೆ ಈ ತಿನಿಸಿಲ್ಲದ ದಕ್ಷಿಣದ ಹೋಟೆಲೇ ಇಲ್ಲ ಎನ್ನುವಂತಾಯಿತು. ನೀಲ್ 1991ರಲ್ಲಿ ತೀರಿಕೊಂಡರು, ಹೋಟೆಲು 2021ರಲ್ಲಿ ಮುಚ್ಚಿತು. ಅವರು ಹಾಕಿಕೊಟ್ಟ ದಾರಿಯಲ್ಲೇ ಇಂದಿನ ಹೊಸ ಹೋಟೆಲುಗಳು ನಡೆಯುತ್ತಿವೆ.

ಒನಕೆ, ಮೊರ ಮತ್ತು ಬೀಸುಬಲೆ

ಚಾರ್ಲ್ಸ್‌ಟನ್ ಸುತ್ತಲಿನ ಕರಾವಳಿಯನ್ನು 'ಲೋ ಕಂಟ್ರಿ', ಅಂದರೆ ತಗ್ಗುಸೀಮೆ ಎನ್ನುತ್ತಾರೆ. 18ನೇ ಶತಮಾನದಲ್ಲಿ ಈ ಸೀಮೆಯ ಸಂಪತ್ತು ನಿಂತಿದ್ದುದು ಅಕ್ಕಿಯ ಮೇಲೆ. ಸಮುದ್ರ ಉಬ್ಬಿದಾಗ ಅದು ನದಿಯ ಸಿಹಿನೀರನ್ನು ಹಿಂದಕ್ಕೆ ಒತ್ತುತ್ತದೆ. ಆ ನೀರನ್ನು ಏರಿ ಕಟ್ಟಿ, ತೂಬು ತೆರೆದು ಗದ್ದೆಗೆ ಬಿಟ್ಟುಕೊಳ್ಳಬೇಕು. ಇಳಿತದ ಹೊತ್ತಿಗೆ ಅದೇ ತೂಬಿನಿಂದ ಹೊರಬಿಡಬೇಕು. ಸ್ವಲ್ಪ ಎಡವಟ್ಟಾದರೂ ಉಪ್ಪುನೀರು ನುಗ್ಗಿ ಬೆಳೆ ಹಾಳು. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಕೆಲಸದ ಕಷ್ಟ ಗೊತ್ತು. ಇಂಗ್ಲೆಂಡಿನಿಂದ ಬಂದ ತೋಟದ ಒಡೆಯರಿಗೆ ಭತ್ತದ ಅನುಭವವಿರಲಿಲ್ಲ. ಪಶ್ಚಿಮ ಆಫ್ರಿಕದ ಭತ್ತದ ಸೀಮೆಗಳಿಂದ ತಂದ ಗುಲಾಮರಲ್ಲಿ ಅನೇಕರಿಗೆ ಅದು ತಲೆಮಾರುಗಳ ವಿದ್ಯೆ. ಭೂಗೋಳ ವಿದ್ವಾಂಸೆ ಜುಡಿತ್ ಕಾರ್ನಿ 2001ರಲ್ಲಿ ಪ್ರಕಟಿಸಿದ 'ಬ್ಲ್ಯಾಕ್ ರೈಸ್' ಪುಸ್ತಕದಲ್ಲಿ, ದುಡಿಮೆಯಷ್ಟೇ ಅಲ್ಲದೆ ಬೇಸಾಯದ ತಿಳಿವಳಿಕೆಯೂ ಆಫ್ರಿಕದಿಂದಲೇ ಬಂತು ಎಂದು ವಾದಿಸಿದರು. ಅದು ಎಷ್ಟರಮಟ್ಟಿಗೆ ನಿಜ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ನಡೆದಿದೆ. ಭತ್ತವನ್ನು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಹುಲ್ಲಿನಿಂದ ಹೆಣೆದ ಅಗಲ ಮೊರದಲ್ಲಿ ಕೇರುತ್ತಿದ್ದವರು ಗುಲಾಮ ಹೆಂಗಸರು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಗದ್ದೆಯ ಕೆಲಸ ಮುಗಿದ ಮೇಲೆ ಅವರು ಹೊಟ್ಟೆಗೆ ತಾವೇ ದಾರಿ ಹುಡುಕಿಕೊಳ್ಳಬೇಕಿತ್ತು. ಒಡೆಯ ಅಳೆದು ಕೊಡುತ್ತಿದ್ದ ಜೋಳ, ನುಚ್ಚಕ್ಕಿ ಸಾಲುತ್ತಿರಲಿಲ್ಲ. ಹೀಗಾಗಿ ಬೀಸುಬಲೆ ಹೆಣೆದು ತೊರೆಗಳಲ್ಲಿ ಸಿಗಡಿ ಹಿಡಿದರು, ಏಡಿ ಹಿಡಿದರು, ಕೆಸರಿನಿಂದ ಸಿಂಪಿ ಕಿತ್ತರು. ಇಂದು ಹೋಟೆಲುಗಳು 'ತಗ್ಗುಸೀಮೆಯ ಸಮುದ್ರಾಹಾರ' ಎಂದು ಮಾರುವ ರುಚಿಯ ಬೇರು ಈ ಕಳ್ಳಹೊತ್ತಿನ ದುಡಿಮೆಯಲ್ಲಿದೆ.

ಕರಾವಳಿಯ ದ್ವೀಪಗಳಲ್ಲಿ ನೆಲೆಸಿದ ಇವರ ಸಂತತಿಗೆ ಗಲ್ಲಾ, ಗೀಚಿ ಎಂಬ ಹೆಸರುಗಳಿವೆ. ಸೇತುವೆಗಳಿಲ್ಲದ ಆ ದ್ವೀಪಗಳಲ್ಲಿ ಹೊರಗಿನವರ ಸಂಪರ್ಕ ಕಡಿಮೆಯಾಗಿದ್ದರಿಂದ ಅವರ ಭಾಷೆ, ಹಾಡು, ಅಡುಗೆ ಉಳಿದುಕೊಂಡವು. ಅವರ ಕೆಂಪನ್ನ ಟೊಮೆಟೊ ಹಾಕಿ ಬೇಯಿಸುವ ಅನ್ನ. ಅದು ಸೆನೆಗಲ್ ಕಡೆಯ ಜೊಲೊಫ್ ಅನ್ನದ ನೆಂಟ. ಅಲಸಂದೆ ಮತ್ತು ಅನ್ನ ಕೂಡಿಸಿ ಮಾಡುವ 'ಹಾಪಿನ್ ಜಾನ್' ಕೂಡ ಈ ಸೀಮೆಯದೇ. ಅಲಸಂದೆಯ ತವರೂ ಆಫ್ರಿಕವೇ.

1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಬಂತು. ಅದರ ಬೆನ್ನಿಗೇ ಗಾಲ್ಫ್ ಮೈದಾನಗಳು, ಐಷಾರಾಮಿ ಬಂಗಲೆಗಳು ಬಂದವು. ಭೂಮಿಯ ಬೆಲೆ ಏರಿತು, ಅದರ ಮೇಲಿನ ತೆರಿಗೆ ಏರಿತು. ತಲೆಮಾರುಗಳಿಂದ ಉಳುತ್ತಿದ್ದ, ಮೀನು ಹಿಡಿಯುತ್ತಿದ್ದ ಕುಟುಂಬಗಳು ನೆಲ ಕಳೆದುಕೊಂಡವು. ಅಮೆರಿಕದ ಸಂಸತ್ತು 2006ರಲ್ಲಿ ಉತ್ತರ ಕ್ಯಾರೊಲಿನಾದಿಂದ ಫ್ಲಾರಿಡಾದವರೆಗಿನ ಕರಾವಳಿಪಟ್ಟಿಯನ್ನು ಗಲ್ಲಾ ಗೀಚಿ ಸಾಂಸ್ಕೃತಿಕ ಪರಂಪರೆಯ ಪ್ರದೇಶವೆಂದು ಘೋಷಿಸಿತು. ಅಡುಗೆಗೆ ಮನ್ನಣೆ ದೊರೆಯುತ್ತಿದ್ದ ಕಾಲದಲ್ಲೇ ಅಡುಗೆಯವರ ಕಾಲ ಕೆಳಗಿನ ನೆಲ ಜಾರುತ್ತಿತ್ತು ಎಂಬುದು ವಿಪರ್ಯಾಸ.

ಒಂದೇ ಪಾತ್ರೆಯಲ್ಲಿ ನಾಲ್ಕು ಜನಾಂಗ

ಪಟ್ಟಿಯ ಇನ್ನೊಂದು ಮುಖ್ಯ ತಿನಿಸು ಲೂಸಿಯಾನಾದ 'ಗಂಬೊ'. ಸಿಗಡಿ, ಏಡಿ, ಕೆಲವೊಮ್ಮೆ ಕೋಳಿ ಹಾಕಿದ ಮಂದ ಸಾರು. ಅನ್ನದ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ಸಾರಿಗೆ ಮಂದ ಕೊಡುವುದು ಬೆಂಡೆಕಾಯಿಯ ಲೋಳೆ. ನಮ್ಮಲ್ಲಿ ಆ ಲೋಳೆಯನ್ನು ಹೋಗಲಾಡಿಸಲು ಹುಣಸೆರಸ, ಮಜ್ಜಿಗೆ ಎಂದೆಲ್ಲ ಉಪಾಯ ಮಾಡುತ್ತಾರೆ. ಅಲ್ಲಿ ಅದೇ ಬೇಕಾದ ಗುಣ. 'ಗಂಬೊ' ಎಂಬ ಹೆಸರಿನ ಮೂಲವನ್ನು ಭಾಷಾವಿದ್ವಾಂಸರು ಬೆಂಡೆಕಾಯಿಯನ್ನು ಸೂಚಿಸುವ ಮಧ್ಯ ಆಫ್ರಿಕದ ಬಾಂಟು ಭಾಷೆಗಳ 'ಕಿ ಂಗೊಂಬೊ' ಎಂಬ ಪದದಲ್ಲಿ ಗುರುತಿಸುತ್ತಾರೆ.

ಬೆಂಡೆಕಾಯಿ ಇಲ್ಲದ ಗಂಬೊ ಕೂಡ ಉಂಟು. ಅದಕ್ಕೆ ಸಾಸಫ್ರಾಸ್ ಎಂಬ ಮರದ ಎಲೆಯನ್ನು ಒಣಗಿಸಿ ಮಾಡಿದ ಪುಡಿ ಹಾಕುತ್ತಾರೆ. ಇದನ್ನು ಕಲಿಸಿದವರು ಚೋಕ್ಟಾ ಎಂಬ ಮೂಲನಿವಾಸಿಗಳು. ಮೈದಾಹಿಟ್ಟನ್ನು ಕೊಬ್ಬಿನಲ್ಲಿ ಕೆಂಪಗೆ ಹುರಿದು ಸಾರಿಗೆ ಸೇರಿಸುವ ಕ್ರಮ ಫ್ರೆಂಚರದು. ಕೆನಡಾದ ನೋವಾ ಸ್ಕೋಷಿಯಾ ಕಡೆ ನೆಲೆಸಿದ್ದ ಅಕೇಡಿಯನ್ ಎಂಬ ಫ್ರೆಂಚ್ ರೈತರನ್ನು 1755ರಿಂದ ಬ್ರಿಟಿಷರು ಬಲವಂತವಾಗಿ ಹೊರಹಾಕಿದರು. ಅಲೆದಾಡಿ ಲೂಸಿಯಾನಾದ ಜೌಗುನೆಲಕ್ಕೆ ಬಂದು ಸೇರಿದವರು ಕಾಲಕ್ರಮದಲ್ಲಿ 'ಕೇಜನ್' ಎನ್ನಿಸಿಕೊಂಡರು. ಜೌಗಿನಲ್ಲಿ ಸಿಗುವ ಕ್ರಾಫಿಶ್ ಎಂಬ ಸಿಹಿನೀರಿನ ಕೆಂಪು ಸಿಗಡಿಯನ್ನು ಅವರು ತಮ್ಮದಾಗಿಸಿಕೊಂಡರು. ಹೀಗೆ ಒಂದು ಪಾತ್ರೆಯಲ್ಲಿ ಆಫ್ರಿಕದ ಗುಲಾಮರು, ಮೂಲನಿವಾಸಿಗಳು, ಫ್ರೆಂಚ್ ವಸಾಹತುಗಾರರು ಮತ್ತು ಊರು ಕಳೆದುಕೊಂಡ ರೈತರು ಒಟ್ಟಾಗಿದ್ದಾರೆ. ಪಾತ್ರೆಯಲ್ಲಿ ಆದ ಕೂಟ ಪಂಕ್ತಿಯಲ್ಲಿ ಆಗಲು ಇನ್ನೂ ನೂರಾರು ವರ್ಷ ಬೇಕಾಯಿತು.

ಮೇಜಿನ ಮುಂದೆ ಯಾರು?

ದಕ್ಷಿಣದ ಕೈಗುಣ ಹೊತ್ತ ಸಮುದ್ರಾಹಾರದ ಹೋಟೆಲು ಉತ್ತರದ ನಗರದಲ್ಲಿ ತೆರೆದದ್ದು ಇಂದು ನಿನ್ನೆಯ ಸಂಗತಿಯಲ್ಲ. ವರ್ಜೀನಿಯಾದ ಚಿಂಕಟೀಗ್ ದ್ವೀಪದಲ್ಲಿ 1791ರಲ್ಲಿ ಹುಟ್ಟಿದ ಥಾಮಸ್ ಡೌನಿಂಗ್, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನಾಂಗದ ದಂಪತಿಯ ಮಗ. ಸಿಂಪಿ ಕೀಳುವುದನ್ನು ಬಾಲ್ಯದಲ್ಲೇ ಕಲಿತಿದ್ದ. 1825ರಲ್ಲಿ ಆತ ನ್ಯೂಯಾರ್ಕಿನ ಬ್ರಾಡ್ ಬೀದಿಯ ನೆಲಮಾಳಿಗೆಯೊಂದರಲ್ಲಿ ಸಿಂಪಿಯ ಊಟದ ಹೋಟೆಲು ತೆರೆದ. ಆ ಕಾಲದಲ್ಲಿ ಸಿಂಪಿ ಬಡವರ ಆಹಾರ, ಅದನ್ನು ಮಾರುವ ಜಾಗಗಳೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಅಡ್ಡೆಗಳು. ಡೌನಿಂಗ್ ತನ್ನ ಹೋಟೆಲಿಗೆ ಕನ್ನಡಿ, ತೂಗುದೀಪ, ಜಮಖಾನ ತಂದ. ಬ್ಯಾಂಕರುಗಳು, ವರ್ತಕರು, ರಾಜಕಾರಣಿಗಳು ಅಲ್ಲಿಗೆ ಬರತೊಡಗಿದರು. ಮೇಲೆ ಬಿಳಿಯ ಶ್ರೀಮಂತರು ಸಿಂಪಿ ಸವಿಯುತ್ತಿದ್ದರೆ, ಕೆಳಗಿನ ಉಗ್ರಾಣದಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಡೌನಿಂಗ್ ಕುಟುಂಬ ಅಡಗಿಸಿಡುತ್ತಿತ್ತು. ಕಪ್ಪು ಜನರಿಗೆ ಪೌರತ್ವ ನೀಡುವ ಮಸೂದೆ 1866ರ ಏಪ್ರಿಲ್ 9ರಂದು ಕಾಯಿದೆಯಾಯಿತು. ಡೌನಿಂಗ್ ತೀರಿಕೊಂಡದ್ದು ಅದರ ಮರುದಿನ.

ಕಾನೂನು ಬಂದರೂ ದಕ್ಷಿಣದಲ್ಲಿ ಮೇಜು ಬದಲಾಗಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ರೈಲು, ಶಾಲೆ, ಹೋಟೆಲು ಎಲ್ಲೆಡೆ ಬಣ್ಣಭೇದ ಶಾಸನವಾಗಿಯೇ ಬಂತು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ನಿಯಮದ ಪ್ರಕಾರ ಬಿಳಿಯರಿಗೂ ಕರಿಯರಿಗೂ ಒಂದೇ ಕೋಣೆಯಲ್ಲಿ ಊಟ ಬಡಿಸಬೇಕಾದರೆ ನಡುವೆ ಕನಿಷ್ಠ 7 ಅಡಿ ಎತ್ತರದ ಗೋಡೆ ಇರಬೇಕು, ಬಾಗಿಲೂ ಬೇರೆ ಇರಬೇಕು. ಪಂಕ್ತಿಭೇದವನ್ನು ಕಂಡುಂಡ ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯಲ್ಲಿ ಬೆಂಕಿಯ ಮುಂದೆ ನಿಲ್ಲುವವರು ಕರಿಯರು, ಊಟದ ಕೋಣೆಯಲ್ಲಿ ಕೂರುವವರು ಬಿಳಿಯರು ಎಂಬುದೇ ಅಂದಿನ ವ್ಯವಸ್ಥೆ.

ನ್ಯೂ ಆರ್ಲಿಯನ್ಸಿನ ಟ್ರಿಮೇ ಬಡಾವಣೆಯಲ್ಲಿ 1941ರಲ್ಲಿ ಆರಂಭವಾದ 'ಡೂಕಿ ಚೇಸ್' ಹೋಟೆಲು ಈ ಗೋಡೆಯ ಇನ್ನೊಂದು ಬದಿಯ ಕಥೆ. ಕಪ್ಪು ಜನರು ಮೇಜಿಗೆ ಬಟ್ಟೆ ಹಾಸಿದ ಕಡೆ ಕುಳಿತು ಗಂಬೊ ಉಣ್ಣಬಹುದಾಗಿದ್ದ ಜಾಗಗಳೇ ವಿರಳವಾಗಿದ್ದ ಕಾಲ ಅದು. ಮನೆಯ ಸೊಸೆಯಾಗಿ ಬಂದ ಲಿಯಾ ಚೇಸ್ ಅಡುಗೆಮನೆಯ ಹೊಣೆ ಹೊತ್ತರು. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಉಣ್ಣುವುದು ಕಾನೂನಿಗೆ ವಿರುದ್ಧವಾಗಿದ್ದಾಗಲೂ ಆ ಹೋಟೆಲಿನ ಮಹಡಿಯ ಕೋಣೆಯಲ್ಲಿ ಎರಡೂ ಜನಾಂಗದ ಹೋರಾಟಗಾರರು ಸಭೆ ಸೇರುತ್ತಿದ್ದರು, ಒಂದೇ ಪಾತ್ರೆಯ ಗಂಬೊ ಉಣ್ಣುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಅಲ್ಲಿಗೆ ಬಂದಿದ್ದರು. 2005ರ ಕತ್ರಿನಾ ಚಂಡಮಾರುತದಲ್ಲಿ ನೀರು ನುಗ್ಗಿ ಮುಚ್ಚಿದ್ದ ಹೋಟೆಲನ್ನು ಲಿಯಾ 2007ರಲ್ಲಿ ಮತ್ತೆ ತೆರೆದರು. 2019ರಲ್ಲಿ 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

1960ರ ಫೆಬ್ರುವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕುಳಿತು, ಬಡಿಸದಿದ್ದರೂ ಎದ್ದು ಹೋಗಲಿಲ್ಲ. ಈ ಧರಣಿ ದಕ್ಷಿಣದ ಊರೂರಿಗೂ ಹಬ್ಬಿತು. 1964ರ ಜುಲೈಯಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದು ಹೋಟೆಲುಗಳಲ್ಲಿನ ಬಣ್ಣಭೇದವನ್ನು ನಿಷೇಧಿಸಿತು. ಬರ್ಮಿಂಗ್‌ಹ್ಯಾಮಿನ 'ಆಲೀಸ್ ಬಾರ್ಬೆಕ್ಯೂ' ಎಂಬ ಹೋಟೆಲಿನವರು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಕರಿಯರಿಗೆ ಊಟ ಕಟ್ಟಿಕೊಡುತ್ತೇವೆ, ಒಳಗೆ ಕೂರಿಸುವುದಿಲ್ಲ ಎಂಬುದು ಅವರ ಪಟ್ಟು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು. ಹೋಟೆಲು ಬಳಸುವ ಮಾಂಸದಲ್ಲಿ ಗಣನೀಯ ಪಾಲು ಬೇರೆ ರಾಜ್ಯಗಳಿಂದ ಬಂದದ್ದು, ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಸಂಸತ್ತಿಗಿದೆ, ಆದ್ದರಿಂದ ಕಾಯಿದೆ ಇದಕ್ಕೂ ಅನ್ವಯಿಸುತ್ತದೆ ಎಂದಿತು. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಮೇಜಿನ ಮುಂದೆ ಯಾರು ಕೂರಬಹುದು ಎಂಬುದನ್ನು ನಿರ್ಧರಿಸಿತು.

ಖ್ಯಾತಿಗೆ ತೆತ್ತ ಬೆಲೆ

ಬಡವರ ತಿನಿಸು ಪ್ರಸಿದ್ಧವಾದಾಗ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಹೋಟೆಲಿನ ಉದಾಹರಣೆ ಇದೆ. ಲೂಸಿಯಾನಾದ ರೈತ ಕುಟುಂಬದ 13 ಮಕ್ಕಳಲ್ಲಿ ಕಿರಿಯರಾದ ಪಾಲ್ ಪ್ರುಡೋಮ್ ಪತ್ನಿಯೊಂದಿಗೆ 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ 'ಕೆ-ಪಾಲ್ಸ್' ಹೋಟೆಲು ತೆರೆದರು. ಮುಂಗಡ ಮೀಸಲಾತಿ ಇಲ್ಲ. ಬಂದವರು ಸಾಲಿನಲ್ಲಿ ನಿಲ್ಲಬೇಕು, ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಬೇಕು. ಅವರು ರೆಡ್‌ಫಿಶ್ ಎಂಬ ಮೀನಿನ ತುಂಡನ್ನು ಬೆಣ್ಣೆಯಲ್ಲಿ ಅದ್ದಿ, ಮೆಣಸಿನ ಮಸಾಲೆ ಮೆತ್ತಿ, ಕೆಂಡದಂತೆ ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಸುಡುತ್ತಿದ್ದರು. ನಮ್ಮ ಕರಾವಳಿಯ ಕಾವಲಿಯ ಮೇಲಿನ ಮಸಾಲೆ ಮೀನನ್ನು ನೆನೆಸಿಕೊಂಡರೆ ಸಾಕು. ದೇಶದ ಹೋಟೆಲುಗಳೆಲ್ಲ ಇದನ್ನು ಅನುಕರಿಸಿದವು.

ಅದುವರೆಗೆ ಅಷ್ಟೇನೂ ಬೇಡಿಕೆ ಇರದ ಆ ಮೀನಿಗೆ ದೊಡ್ಡ ದೋಣಿಗಳು ಮುಗಿಬಿದ್ದವು. ಕೊಲ್ಲಿಯಲ್ಲಿ ಹಿಂಡುಹಿಂಡಾಗಿ ತೇಲುವ ತಾಯಿಮೀನುಗಳನ್ನೇ ಬಲೆ ಬೀಸಿ ಬಾಚಿದರು. ಸಂತತಿಯೇ ಅಳಿಯುವ ಭಯ ಹುಟ್ಟಿ 1986ರಲ್ಲಿ ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕೊಲ್ಲಿಯ ನೀರಿನಲ್ಲಿ ತುರ್ತು ತಡೆ ಹಾಕಿತು. ಬಳಿಕ ಲೂಸಿಯಾನಾ ರಾಜ್ಯವೂ ಅದರ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿತು. ಪ್ರುಡೋಮ್ 2015ರಲ್ಲಿ ತೀರಿಕೊಂಡರು, ಅವರ ಹೋಟೆಲು 2020ರಲ್ಲಿ ಮುಚ್ಚಿತು. ಇಂದು ಪಟ್ಟಿಯಲ್ಲಿ ಕಾಣುವ 'ಬ್ಲ್ಯಾಕನ್ಡ್' ತಿನಿಸುಗಳಲ್ಲಿ ಸಾಮಾನ್ಯವಾಗಿ ಬೇರೆ ಮೀನು, ಇಲ್ಲವೇ ಸಾಕಿದ ಮೀನು ಇರುತ್ತದೆ.

ಸಾಕಿದ ಮೀನೆಂದರೆ ಮಿಸಿಸಿಪ್ಪಿಯ ಕ್ಯಾಟ್‌ಫಿಶ್ ನೆನಪಾಗಬೇಕು. ಬೆಕ್ಕಿನಂತೆ ಮೀಸೆಯಿರುವ ಈ ಮೀನನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು, ಜೋಳದ ಹಿಟ್ಟಿನದೇ ಬೋಂಡಾದಂಥ 'ಹಷ್ ಪಪ್ಪಿ' ಜೊತೆ ಕೊಡುತ್ತಾರೆ. ಹತ್ತಿ ಬೆಳೆದು ನಷ್ಟ ಕಂಡಿದ್ದ ಡೆಲ್ಟಾ ಸೀಮೆಯ ಭೂಮಾಲೀಕರು 1960ರ ದಶಕದಿಂದ ಹೊಲಗಳಲ್ಲಿ ಕೆರೆ ತೋಡಿ ಇದನ್ನು ಸಾಕತೊಡಗಿದರು. ಮೀನು ಕತ್ತರಿಸುವ ಕಾರ್ಖಾನೆಗಳಲ್ಲಿ ದುಡಿಯಲು ಬಂದವರು ಬಹುಪಾಲು ಕಪ್ಪು ಹೆಂಗಸರು, ಹತ್ತಿ ಬಿಡಿಸುತ್ತಿದ್ದವರ ಹೆಣ್ಣುಮಕ್ಕಳು. 1990ರ ಸೆಪ್ಟೆಂಬರಿನಲ್ಲಿ ಇಂಡಿಯನೋಲಾ ಊರಿನ 'ಡೆಲ್ಟಾ ಪ್ರೈಡ್' ಕಾರ್ಖಾನೆಯಲ್ಲಿ ಅವರು ಮುಷ್ಕರ ಹೂಡಿದರು. ಕೂಲಿ ಕಡಿಮೆ, ಕೈಗಳಿಗೆ ನಿರಂತರ ನೋವು, ಶೌಚಾಲಯಕ್ಕೆ ಹೋಗುವುದಕ್ಕೂ ಲೆಕ್ಕ ಎಂಬುದು ಅವರ ಅಳಲು. ಮೂರು ತಿಂಗಳ ಬಳಿಕ ಕೂಲಿ ಹೆಚ್ಚಳದೊಂದಿಗೆ ಮುಷ್ಕರ ಕೊನೆಗೊಂಡಿತು. ಸಿಗಡಿ ನುಚ್ಚನ್ನು ಲೋಕಕ್ಕೆ ಪರಿಚಯಿಸಿದ ಕ್ಲೇಬೋರ್ನ್ ಬೆಳೆದದ್ದು ಇದೇ ಇಂಡಿಯನೋಲಾದಲ್ಲಿ. ಅಲ್ಲಿ ಅವರ ತಾಯಿ ಊಟ ವಸತಿಯ ಮನೆ ನಡೆಸುತ್ತಿದ್ದರು.

ಸಿಗಡಿ ಯಾವ ಊರಿನದು?

ಈಗ ಮತ್ತೆ ತಟ್ಟೆಯ ಸಿಗಡಿಗೆ ಬರೋಣ. ಗೋಡೆಯ ಮೇಲೆ ಬಲೆ ತೂಗುತ್ತಿದ್ದರೂ ಸಿಗಡಿ ಪಕ್ಕದ ಕಡಲಿನದೇ ಆಗಿರಬೇಕೆಂದಿಲ್ಲ. ಅಮೆರಿಕದವರು ತಿನ್ನುವ ಸಿಗಡಿಯಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಆಮದಾದದ್ದು. ಅದನ್ನು ಕಳುಹಿಸುವ ದೇಶಗಳಲ್ಲಿ 2024ರವರೆಗೂ ಹಲವು ವರ್ಷ ಮೊದಲ ಸ್ಥಾನದಲ್ಲಿದ್ದದ್ದು ಭಾರತ. ಲ್ಯಾಟಿನ್ ಅಮೆರಿಕದ ಪೆಸಿಫಿಕ್ ತೀರದ 'ವನ್ನಾಮೈ' ತಳಿಯನ್ನು ಸಾಕಲು ನಮ್ಮಲ್ಲಿ 2009ರಲ್ಲಿ ಅನುಮತಿ ದೊರೆತ ಮೇಲೆ ಆಂಧ್ರಪ್ರದೇಶದ ಕರಾವಳಿಯ ಹೊಂಡಗಳಿಂದ ಶೀತಲ ಪೆಟ್ಟಿಗೆಗಳು ಹೇರಳವಾಗಿ ಹಡಗು ಏರಿದವು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಗೋದಾವರಿ ತೀರದ ಸಿಗಡಿ ಬೆಳೆಗಾರರು ಕಂಗಾಲಾದದ್ದು ಈ ಕಾರಣದಿಂದ.

ಅತ್ತ ಲೂಸಿಯಾನಾದ ದೋಣಿಯವರ ಕಷ್ಟವೂ ಸುಳ್ಳಲ್ಲ. ಚಂಡಮಾರುತಗಳು, 2010ರಲ್ಲಿ ಕೊಲ್ಲಿಯ ಎಣ್ಣೆಬಾವಿ ಸಿಡಿದು ಸೋರಿದ ತೈಲ, ಏರುವ ಡೀಸೆಲ್ ಬೆಲೆ ಇವುಗಳ ನಡುವೆ ಹಿಡಿದು ತಂದ ಸಿಗಡಿ, ಹೊಂಡದಲ್ಲಿ ಸಾಕಿದ ಅಗ್ಗದ ಸಿಗಡಿಯ ಮುಂದೆ ನಿಲ್ಲುವುದು ಕಷ್ಟ. ಆಮದಾದ ಸಿಗಡಿ ಬಡಿಸುವ ಹೋಟೆಲುಗಳು ಅದನ್ನು ಗಿರಾಕಿಗಳಿಗೆ ತಿಳಿಸಲೇಬೇಕೆಂದು ಆ ರಾಜ್ಯ 2019ರಲ್ಲಿ ಕಾನೂನು ತಂದಿತು, 2025ರಿಂದ ಅದನ್ನು ಇನ್ನಷ್ಟು ಬಿಗಿ ಮಾಡಿತು. ಮಿಸಿಸಿಪ್ಪಿಯ ಬಿಲಾಕ್ಸಿ ಊರಿನ ಹೆಸರಾಂತ ಹೋಟೆಲೊಂದು ವಿದೇಶದ ಅಗ್ಗದ ಮೀನನ್ನು ಸ್ಥಳೀಯ ಉತ್ತಮ ಮೀನೆಂದು ವರ್ಷಗಟ್ಟಲೆ ಮಾರಿದ್ದನ್ನು 2024ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. ಆ ಮೀನು ಬಂದ ಕಡೆಗಳಲ್ಲಿ ಭಾರತವೂ ಒಂದು.

ಸಾಕಿದ ಸಿಗಡಿ ಕೆಟ್ಟದ್ದು, ಹಿಡಿದ ಸಿಗಡಿ ಒಳ್ಳೆಯದು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆಂಧ್ರದ ಬೆಳೆಗಾರನದೂ ಬೆವರೇ, ಲೂಸಿಯಾನಾದ ದೋಣಿಯವನದೂ ಬೆವರೇ. ತಪ್ಪಿರುವುದು ಹೆಸರು ಮರೆಸುವುದರಲ್ಲಿ. ದಕ್ಷಿಣದೂಟದ ಚರಿತ್ರೆಯಲ್ಲಿ ಇದು ಹಳೆಯ ಚಾಳಿ. ಭತ್ತ ಕುಟ್ಟಿದ ಹೆಂಗಸಿನ ಹೆಸರು ಒಡೆಯನ ಅಕ್ಕಿಮೂಟೆಯ ಮೇಲೆ ಬರಲಿಲ್ಲ. ಒಲೆಯ ಮುಂದೆ ನಿಂತವಳ ಹೆಸರು ಯಜಮಾನಿಯ ಅಡುಗೆ ಪುಸ್ತಕದಲ್ಲಿ ಬಂದದ್ದು ಅಪರೂಪ. ಹೊಂಡದಲ್ಲಿ ಸಿಗಡಿ ಬೆಳೆದವನ ಊರು ಇಂದಿನ ತಿಂಡಿಪಟ್ಟಿಯಲ್ಲಿ ಬರುವುದಿಲ್ಲ.

ಬದಲಾವಣೆ ಆಗಿಯೇ ಇಲ್ಲ ಎಂದೂ ಅಲ್ಲ. ಗಲ್ಲಾ ಗೀಚಿ ಮನೆತನಗಳಿಂದ ಬಂದ ಬಾಣಸಿಗರು ಈಗ ತಮ್ಮ ಹೆಸರಿನಲ್ಲೇ ಅಡುಗೆ ಮಾಡುತ್ತಿದ್ದಾರೆ, ಪುಸ್ತಕ ಬರೆಯುತ್ತಿದ್ದಾರೆ. ಕೆಲವು ಹೋಟೆಲುಗಳ ಪಟ್ಟಿಯಲ್ಲಿ ಸಿಗಡಿ ತಂದ ದೋಣಿಯ ಹೆಸರು, ನುಚ್ಚು ಒಡೆದ ಗಿರಣಿಯ ಹೆಸರು ಕಾಣುತ್ತದೆ. ಹೀಗಾಗಿ ಹೊಸದಾಗಿ ತೆರೆದ ಇಂಥ ಹೋಟೆಲಿಗೆ ಹೋದವರು ರುಚಿ, ಬೆಲೆಗಳ ಜೊತೆಗೆ ಮೂರು ಸಂಗತಿಗಳನ್ನು ವಿಚಾರಿಸಬಹುದು: ಸಿಗಡಿ ಯಾವ ನೀರಿನದು, ಅಡುಗೆ ಯಾರಿಂದ ಕಲಿತದ್ದು, ಒಳಗೆ ಒಲೆಯ ಮುಂದೆ ನಿಂತವರಿಗೆ ಕೈತುಂಬ ಸಂಬಳ ಸಿಗುತ್ತಿದೆಯೇ? ಸರಿಯಾದ ಹೋಟೆಲಾದರೆ ಬಡಿಸುವವರು ಈ ಪ್ರಶ್ನೆಗಳಿಗೆ ಮುಖ ತಿರುಗಿಸುವುದಿಲ್ಲ.